ದೋಷ ಪೆಟ್ಟಿಗೆಯೊಳಗೋ, ಹೊರಗೋ?

‘ಟಿ.ವಿ. ಕೆಟ್ಟಿದೆ’ ಎಂಬುದು ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ‘ಕರೆಂಟು ಹೋಗಿದೆ’ ಎಂಬಷ್ಟೇ ಸಾಮಾನ್ಯವಾದ ಮಾತಾಗಿತ್ತು. ಆ ಮಾತನ್ನು ಆಡಿದವರಾಗಲಿ ಕೇಳಿದವರಾಗಲಿ ಅದರ ಅರ್ಥವನ್ನು ಬಿಡಿಸಿ ನೋಡುತ್ತಿದ್ದುದು ಕಡಿಮೆ. ಕೆಟ್ಟಿರುವುದು ಯಾವುದು? ಪೆಟ್ಟಿಗೆಯೇ, ಮಾಡಿನ ಮೇಲಿನ ಆಂಟೆನಾವೇ, ಮನೆಗೆ ಬರುವ ವಿದ್ಯುತ್ತೇ, ದೂರದ ಬೆಟ್ಟದ ಮೇಲಿನ ಪ್ರಸಾರ ಗೋಪುರವೇ? ಟಿ.ವಿ. ನಮ್ಮ ನಾಡಿಗೆ ಬಂದ ಕಥೆಯನ್ನು ಬರೆದವರು ಅನೇಕರಿದ್ದಾರೆ. ಅದು ಕೆಟ್ಟ ಕಥೆಯನ್ನು, ಕೆಟ್ಟಾಗ ನಾವು ಏನು ಮಾಡಿದೆವೆಂಬುದನ್ನು ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮಲ್ಲಿ ಅನೇಕರು ಈಚೆಗೆ ಹಳೆಯ ಟಿ.ವಿ.ಯನ್ನು ರಿಪೇರಿ ಮಾಡಿಸಬೇಕೇ, ಬಿಸಾಡಬೇಕೇ ಎಂದು ನನ್ನನ್ನು ಕೇಳುತ್ತಿರುವುದರಿಂದ, ವಿಜ್ಞಾನದ ಮೇಷ್ಟರಾಗಿದ್ದವನ ಹಳೆಯ ಚಾಳಿಯಂತೆ, ಉತ್ತರವನ್ನು ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

ಭಾರತದಲ್ಲಿ ಟಿ.ವಿ. ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದ ಮಟ್ಟಿಗೆ ಈ ಕಥೆ ಮೊದಲಾಗುವುದು ಬೆಂಗಳೂರಿನಲ್ಲಲ್ಲ. ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ನಡೆಸಿದ ‘ಸೈಟ್’ ಎಂಬ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಾಮೂಹಿಕ ಟಿ.ವಿ.ಗಳನ್ನು ಕೊಡಲಾಯಿತು. ಪೆಟ್ಟಿಗೆಗಳನ್ನು ತಯಾರಿಸಿದ್ದು ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆ, ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದೂ ಹೈದರಾಬಾದಿನಲ್ಲಿಯೇ. ಉಪಗ್ರಹದ ಸಂಕೇತವನ್ನು ಹಿಡಿಯಲು ಮೂರು ಮೀಟರ್ ಅಗಲದ, ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯ ಕೊಡೆ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರಿನವರಿಗೆ ಎರಡೂವರೆ ಗಂಟೆ.

ಆ ಪ್ರಯೋಗವನ್ನು ರೂಪಿಸಿದವರ ಬಗ್ಗೆ ನನಗೆ ಹೆಚ್ಚಿನ ಗೌರವ ಮೂಡುವುದು ಉಪಗ್ರಹದ ಕಾರಣಕ್ಕಲ್ಲ. ಹಳ್ಳಿಗಳನ್ನು ಆಯುವಾಗಲೇ ಅವರು ದುರಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹಳ್ಳಿಗಳನ್ನು ಗುಂಪುಗುಂಪಾಗಿ ಆರಿಸಿ, ಪ್ರತಿಯೊಂದು ಗುಂಪಿಗೂ ದುರಸ್ತಿಯ ಏರ್ಪಾಡನ್ನು ಮೊದಲೇ ಮಾಡಿದ್ದರು. ಪೆಟ್ಟಿಗೆ ಇಟ್ಟ ಮೇಲೆ ಅದು ಕೆಟ್ಟೇ ಕೆಡುತ್ತದೆ, ಕೆಟ್ಟಾಗ ಯಾರಾದರೂ ಬರಬೇಕು ಎಂಬ ಈ ಸರಳ ತಿಳಿವಳಿಕೆ ಅನಂತರದ ಎಷ್ಟೋ ಸರ್ಕಾರಿ ಯೋಜನೆಗಳಲ್ಲಿ ಕಾಣೆಯಾದುದನ್ನು ನಾವೆಲ್ಲ ಶಾಲೆಗಳಲ್ಲಿಯೇ ಕಂಡಿದ್ದೇವೆ. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಕಂಪ್ಯೂಟರುಗಳನ್ನು ನೆನೆಸಿಕೊಳ್ಳಿ.

ಆದರೆ 1976ರ ಆಗಸ್ಟ್ 1ರ ಬೆಳಿಗ್ಗೆ, ಯಾವ ದುರಸ್ತಿಗಾರನೂ ಸರಿಪಡಿಸಲಾರದ ದೋಷವೊಂದು ಆ ಹಳ್ಳಿಗಳಿಗೆಲ್ಲ ಏಕಕಾಲಕ್ಕೆ ಬಂತು. ಎರವಲಿನ ಅವಧಿ ಮುಗಿದಿತ್ತು. ಉಪಗ್ರಹವನ್ನು ಹಿಂದಕ್ಕೆ ಕರೆಸಿಕೊಂಡರು. ಹಿಂದಿನ ರಾತ್ರಿಯವರೆಗೆ ಚೆನ್ನಾಗಿದ್ದ ಪೆಟ್ಟಿಗೆಗಳಲ್ಲಿ ಬರಿಯ ಚುಕ್ಕಿಗಳು. 1977ರಲ್ಲಿ ಗುಲ್ಬರ್ಗಾದಲ್ಲಿ ಭೂಪ್ರಸಾರದ ಕೇಂದ್ರ ಬಂದು ಅದರ ಸುತ್ತಲಿನವರಿಗೆ ಮತ್ತೆ ಚಿತ್ರ ದೊರೆಯಿತು. ಆ ಗೋಪುರದ ವ್ಯಾಪ್ತಿಯಿಂದ ಆಚೆ ಇದ್ದವರಿಗೆ ದೊರೆಯಲಿಲ್ಲ. ಪೆಟ್ಟಿಗೆ ಕೆಡದೆಯೇ ಟಿ.ವಿ. ಸತ್ತುಹೋಗಬಹುದು ಎಂಬುದನ್ನು ನಮ್ಮ ನಾಡಿನಲ್ಲಿ ಮೊದಲು ಕಂಡವರು ಆ ಹಳ್ಳಿಗರು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದುದು 1981ರ ನವೆಂಬರಿನಲ್ಲಿ. 1982ರ ಆಗಸ್ಟ್ 15ರಂದು ಬಣ್ಣದ ಪ್ರಸಾರ ಬಂತು. 1984ರಲ್ಲಿ ದೇಶದುದ್ದಕ್ಕೂ ಕಡಿಮೆ ಶಕ್ತಿಯ ಪ್ರಸಾರ ಕೇಂದ್ರಗಳನ್ನು ಅವಸರವಸರವಾಗಿ ಸ್ಥಾಪಿಸಿದರು. ನಮ್ಮ ಮಲೆನಾಡಿನ ಮೂಲೆಗಳಿಗೆ ಟಿ.ವಿ. ತಲುಪಿದ್ದು ಆ ಅಲೆಯಲ್ಲಿ. ತಲುಪಿತು ಎನ್ನುವುದಕ್ಕಿಂತ, ಅದರ ಅಂಚು ನಮಗೆ ಸೋಕಿತು ಎನ್ನುವುದು ಹೆಚ್ಚು ಸರಿ. ಗುಡ್ಡದ ನೆರಳಿನಲ್ಲಿದ್ದ ಮನೆಯವರು ಅಡಿಕೆ ಮರದ ದಬ್ಬೆಗಳನ್ನೋ ಬಿದಿರುಗಳನ್ನೋ ಒಂದಕ್ಕೊಂದು ಬಿಗಿದು, ತುದಿಗೆ ಆಂಟೆನಾ ಕಟ್ಟಿ ನಿಲ್ಲಿಸುತ್ತಿದ್ದರು. ಒಬ್ಬರು ಮಾಡಿನ ಮೇಲೆ ಆಂಟೆನಾ ತಿರುಗಿಸುವುದು, ಒಬ್ಬರು ಅಂಗಳದಲ್ಲಿ ನಿಂತು ಮಾತು ದಾಟಿಸುವುದು, ಒಬ್ಬರು ಒಳಗೆ ಕೂತು ‘ಬಂತು, ಬಂತು, ಅಯ್ಯೋ ಹೋಯ್ತು’ ಎಂದು ಕೂಗುವುದು: ಈ ಮೂವರ ವ್ಯವಸ್ಥೆಯಿಲ್ಲದ ಮನೆಯೇ ಇರಲಿಲ್ಲ.

ಹೀಗಾಗಿ ನಮ್ಮ ಕಡೆಯ ರೋಗನಿದಾನ ಸಹಜವಾಗಿ ಹೊರಗಿನಿಂದಲೇ ಆರಂಭವಾಗುತ್ತಿತ್ತು. ಪರದೆಯ ತುಂಬ ಚುಕ್ಕಿ ಬಂದರೆ ಸಂಕೇತ ಕ್ಷೀಣಿಸಿದೆ ಎಂದರ್ಥ. ಆಂಟೆನಾ ಗಾಳಿಗೆ ತಿರುಗಿರಬೇಕು, ಚಪ್ಪಟೆ ತಂತಿಯ ಬೆಸುಗೆ ಬಿಟ್ಟಿರಬೇಕು, ಇಲ್ಲವೇ ಬೂಸ್ಟರಿನೊಳಗೆ ಮಳೆನೀರು ಹೋಗಿರಬೇಕು. ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಚಿನಲ್ಲಿ ಕಪ್ಪು ಚೌಕಟ್ಟು ಕಟ್ಟಿಕೊಂಡರೆ ಅನೇಕ ಸಲ ಅದು ಪೆಟ್ಟಿಗೆಯ ತಪ್ಪಾಗಿರುತ್ತಿರಲಿಲ್ಲ. ಸಂಜೆ ಊರಿನ ದೀಪಗಳೆಲ್ಲ ಹತ್ತಿದಾಗ 230 ವೋಲ್ಟ್ ಇರಬೇಕಾದ ವಿದ್ಯುತ್ತು 160ಕ್ಕೋ 150ಕ್ಕೋ ಇಳಿಯುತ್ತಿತ್ತು, ಟಿ.ವಿ.ಗಿಂತ ಮೊದಲು ಸ್ಟೆಬಿಲೈಸರ್ ಕೊಳ್ಳಬೇಕೆಂಬ ವಿವೇಕ ಜನರಿಗೆ ಬಂದುದು ಆಗಲೇ.

ಇನ್ನು ಜೋಡಿ ಚಿತ್ರ. ವಾರ್ತೆ ಓದುವವರ ಬಲಗಡೆ ಅವರದೇ ಮಸುಕಾದ ನೆರಳೊಂದು ಕೂತಿರುತ್ತಿತ್ತು. ಜನ ಇದನ್ನು ‘ದೆವ್ವ’ ಎನ್ನುತ್ತಿದ್ದರು. ಇಂಗ್ಲಿಷಿನವರೂ ಅದನ್ನೇ ಅನ್ನುತ್ತಾರೆಂದು ತಿಳಿದು ನನಗೆ ಸೋಜಿಗವಾಗಿತ್ತು. ನೇರವಾಗಿ ಬಂದ ಅಲೆಯ ಹಿಂದೆಯೇ ಗುಡ್ಡಕ್ಕೆ ಬಡಿದು ಸುತ್ತಿ ಬಂದ ಅಲೆ ತಡವಾಗಿ ತಲುಪುವುದರಿಂದ ಆಗುವ ಪರಿಣಾಮ ಇದು. 1988ರ ಸುಮಾರಿಗೆ ಹತ್ತನೆಯ ತರಗತಿಯಲ್ಲಿದ್ದವರಿಗೆ ನಾನು ಕೊಟ್ಟಿದ್ದ ಲೆಕ್ಕ ನೆನಪಿರಬಹುದು. ಒಂದು ಗೆರೆಯ ಚಿತ್ರಭಾಗವನ್ನು ಎಳೆಯಲು 52 ಮೈಕ್ರೋಸೆಕೆಂಡು. 20 ಅಂಗುಲದ ಟಿ.ವಿ.ಯ ಅಗಲ ಸುಮಾರು 40 ಸೆಂಟಿಮೀಟರು. ಹಾಗಾದರೆ ಒಂದು ಮೈಕ್ರೋಸೆಕೆಂಡಿಗೆ ಹೆಚ್ಚುಕಡಿಮೆ 8 ಮಿಲಿಮೀಟರು. ಅಷ್ಟು ಕಾಲದಲ್ಲಿ ಅಲೆ 300 ಮೀಟರು ಚಲಿಸುತ್ತದೆ. ನೆರಳು ಎರಡೂವರೆ ಸೆಂಟಿಮೀಟರು ಸರಿದಿದ್ದರೆ, ಸುತ್ತಿ ಬಂದ ಅಲೆ ಸುಮಾರು ಒಂದು ಕಿಲೋಮೀಟರು ಹೆಚ್ಚು ನಡೆದಿದೆ! ಮನೆಗೆ ಹೋಗಿ ಅಡಿಪಟ್ಟಿ ಹಿಡಿದು ಪರದೆಯನ್ನು ಅಳೆಯಲು ಹೊರಟು ಏಟು ತಿಂದವರು ನಿಮ್ಮಲ್ಲಿ ಇಬ್ಬರಾದರೂ ಇದ್ದೀರಿ.

ಹೊರಗಿನ ಕಾರಣಗಳೆಲ್ಲ ಮುಗಿದ ಮೇಲೆ ಪೆಟ್ಟಿಗೆಯ ಹಿಂಬದಿಯ ತಿರುಪುಗಳನ್ನು ಬಿಚ್ಚಬೇಕು. ಇಲ್ಲಿ ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆತರಬೇಕಾಗಿದೆ. ಹೆಸರು ಬರೆಯಬೇಡಿ ಎಂದಿದ್ದಾನೆ; ನಮ್ಮ ಊರಿನವರಿಗೆ ಹೇಳಬೇಕಾಗಿಯೂ ಇಲ್ಲ. ಎಸ್.ಎಸ್.ಎಲ್.ಸಿ.ಯ ಗಣಿತವನ್ನು ಪ್ರಯಾಸದಿಂದ ದಾಟಿ, ಐ.ಟಿ.ಐ.ಯಲ್ಲಿ ರೇಡಿಯೊ ಮತ್ತು ಟಿ.ವಿ. ಮೆಕ್ಯಾನಿಕ್ ತರಬೇತಿ ಮುಗಿಸಿ, 1986ರಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ತೆರೆದವನು. ತರಗತಿಯಲ್ಲಿ ಓಮನ ನಿಯಮವನ್ನು ಹೇಳಲು ತಡವರಿಸುತ್ತಿದ್ದ ಹುಡುಗ ಬೆಸುಗೆಯ ಕಡ್ಡಿ ಹಿಡಿದು ಕೂತಾಗ ಅದೇ ನಿಯಮ ಅವನ ಬೆರಳುಗಳಲ್ಲಿ ಓಡಾಡುವುದನ್ನು ನೋಡಿ, ನಾವು ಕೊಡುವ ಅಂಕಗಳ ಬಗ್ಗೆ ನನಗಿದ್ದ ನಂಬಿಕೆ ಎಷ್ಟೋ ಕಡಿಮೆಯಾಯಿತು.

ಅವನು ಮೀಟರನ್ನು ಮುಟ್ಟುವ ಮೊದಲು ನೋಡುತ್ತಿದ್ದ, ಕೇಳುತ್ತಿದ್ದ, ಮೂಸುತ್ತಿದ್ದ. ಕಪ್ಪುಬಿಳುಪು ಟಿ.ವಿ.ಯ ಸ್ವಿಚ್ಚು ಹಾಕಿದೊಡನೆ ಒಂದು ಅತಿಸಣ್ಣ ಸಿಳ್ಳು ಕೇಳಿಸುತ್ತಿತ್ತು: ಸೆಕೆಂಡಿಗೆ 15,625 ಅಡ್ಡಗೆರೆಗಳನ್ನು ಎಳೆಯುವ ಭಾಗದ ದನಿ ಅದು. ಎಳೆಯರ ಕಿವಿಗೆ ಮಾತ್ರ ದಕ್ಕುವ ಸ್ವರ. ನಲವತ್ತು ದಾಟಿದ ನನಗೆ ಅದು ಕೇಳಿಸುತ್ತಿರಲಿಲ್ಲ. ಸಿಳ್ಳು ಇದ್ದರೆ ಆ ಭಾಗ ಜೀವಂತ. ಆಮೇಲೆ ಮುಂಗೈಯನ್ನು ಪರದೆಯ ಹತ್ತಿರ ಒಯ್ಯುತ್ತಿದ್ದ. ರೋಮಗಳು ನಿಮಿರಿ ನಿಂತರೆ ಚಿತ್ರನಳಿಕೆಗೆ ಹದಿನೈದು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಬರುತ್ತಿದೆ ಎಂದಾಯಿತು. ರೋಮ ನಿಮಿರಿಯೂ ಪರದೆ ಕತ್ತಲಾಗಿದ್ದರೆ, ಹಿಂದಿನಿಂದ ನಳಿಕೆಯ ಕುತ್ತಿಗೆಯನ್ನು ಇಣುಕುವುದು. ಅಲ್ಲಿ ಕಿತ್ತಳೆ ಬಣ್ಣದ ಕಿಡಿ ಕಾಣಬೇಕು. ಕಾಣದಿದ್ದರೆ ಒಂದೋ ಅದಕ್ಕೆ ವಿದ್ಯುತ್ತು ಹೋಗುತ್ತಿಲ್ಲ, ಅಥವಾ ಒಳಗಿನ ತಂತಿಯೇ ತುಂಡಾಗಿದೆ. ಮೊದಲನೆಯದಾದರೆ ಐದು ನಿಮಿಷದ ಕೆಲಸ. ಎರಡನೆಯದಾದರೆ ಟಿ.ವಿ.ಗೆ ತಿಥಿ.

ಪರದೆಯ ಲಕ್ಷಣಗಳಿಗಂತೂ ಒಂದು ವ್ಯಾಕರಣವೇ ಇತ್ತು. ಇಡೀ ಚಿತ್ರ ಮಾಯವಾಗಿ ನಡುವೆ ಒಂದೇ ಒಂದು ಅಡ್ಡಗೆರೆ ಬೆಳ್ಳಗೆ ಹೊಳೆಯುತ್ತಿದ್ದರೆ ಕಿರಣವನ್ನು ಮೇಲೆ ಕೆಳಗೆ ಓಡಿಸುವ ಭಾಗ ಸತ್ತಿದೆ. ಹಾಗೆಯೇ ಬಿಟ್ಟರೆ ಆ ಗೆರೆ ಪರದೆಯ ಲೇಪವನ್ನು ಸುಡುತ್ತದೆಂದು ಕೂಡಲೇ ಬೆಳಕನ್ನು ತಗ್ಗಿಸಬೇಕು. ಚಿತ್ರ ಕೆಳಗಿನಿಂದ ಮೇಲಕ್ಕೆ ಚಕ್ರದಂತೆ ಉರುಳಿದರೆ ಹಿಂದಿರುವ ಸಣ್ಣ ಗುಬ್ಬಿಯನ್ನು ತಿರುಗಿಸಬೇಕು. ಓರೆ ಪಟ್ಟಿಗಳಾಗಿ ಹರಿದುಹೋದರೆ ಅದರ ಪಕ್ಕದ ಗುಬ್ಬಿ. ಚಿತ್ರದ ಸೊಂಟ ಹಾವಿನಂತೆ ಬಳುಕಿದರೆ ವಿದ್ಯುತ್ತನ್ನು ನಯಗೊಳಿಸುವ ದೊಡ್ಡ ಕೆಪಾಸಿಟರ್ ಒಣಗಿದೆ. ಇದು ಮುಪ್ಪಿನ ಕಾಯಿಲೆ; ಅದರೊಳಗಿನ ದ್ರವ ವರ್ಷಗಳು ಕಳೆದಂತೆ ಬಿಸಿಗೆ ಆರಿಹೋಗುತ್ತದೆ. ಬಲಗಡೆಗೆ ಒಂದು ಏಟು ಕೊಟ್ಟೊಡನೆ ಸರಿಹೋಗುವ ಟಿ.ವಿ.ಯಲ್ಲಿ ಬೆಸುಗೆ ಬಿರುಕು ಬಿಟ್ಟಿದೆಯೆಂದು ತಿಳಿಯಬೇಕು. ದಿನಕ್ಕೊಮ್ಮೆ ಕಾದು ದಿನಕ್ಕೊಮ್ಮೆ ತಣಿಯುವ ಸೀಸ ಎಷ್ಟು ವರ್ಷ ತಾಳೀತು? ಏಟಿನಿಂದ ವಸ್ತುಗಳು ಸರಿಹೋಗುತ್ತವೆಂಬ ಸಿದ್ಧಾಂತಕ್ಕೆ ನಮ್ಮ ಜನ ಟಿ.ವಿ.ಯಿಂದ ಪಡೆದಷ್ಟು ಸಮರ್ಥನೆಯನ್ನು ಶಾಲೆಯಿಂದಲೂ ಪಡೆದಿರಲಾರರು.

ಮಲೆನಾಡಿಗೇ ವಿಶೇಷವಾದ ರೋಗಗಳೂ ಇದ್ದವು. ಮುಂಗಾರಿನ ಮೊದಲ ಸಿಡಿಲಿಗೆ ಒಂದೇ ರಾತ್ರಿಯಲ್ಲಿ ಹತ್ತಾರು ಟಿ.ವಿ.ಗಳು ಅವನ ಅಂಗಡಿಯ ಮುಂದೆ ಸಾಲುಗಟ್ಟುತ್ತಿದ್ದವು. ಆಷಾಢದ ಥಂಡಿಗೆ ಅಧಿಕ ಒತ್ತಡದ ತಂತಿಯ ಸುತ್ತ ನೀಲಿ ಕಿಡಿ ಹಾರಿ ಚಟಚಟ ಸದ್ದು. ಬೆಚ್ಚನೆಯ ಜಾಗವೆಂದು ಒಳಸೇರಿದ ಹಲ್ಲಿ ಎರಡು ಬಿಂದುಗಳ ನಡುವೆ ಸೇತುವೆಯಾಗಿ ತಾನೂ ಸತ್ತು ಟಿ.ವಿ.ಯನ್ನೂ ಕೊಂದ ಪ್ರಸಂಗಗಳಿಗೆ ಲೆಕ್ಕವಿಲ್ಲ. ‘ಸಾರ್, ಪರದೆ ಯಾವತ್ತೂ ಸುಳ್ಳು ಹೇಳೋದಿಲ್ಲ, ಮನೆಯವರು ಹೇಳ್ತಾರೆ’ ಎಂಬುದು ಅವನ ಮಾತು. ತಾನಾಗಿಯೇ ಆರಿಹೋಯಿತು ಎಂದು ತಂದ ಟಿ.ವಿ.ಯೊಳಗೆ ಹೂದಾನಿಯ ನೀರು ಇರುತ್ತಿತ್ತಂತೆ.

ಇಷ್ಟೆಲ್ಲ ನಿದಾನವಾದ ಮೇಲೆ ತೀರ್ಪು. ಸರಿಮಾಡುವುದೋ, ಬಿಡುವುದೋ? ಇಂದಿನ ತರುಣರಿಗೆ ಆಶ್ಚರ್ಯವಾದೀತು, 1980ರ ದಶಕದಲ್ಲಿ ಈ ಪ್ರಶ್ನೆಯನ್ನೇ ಯಾರೂ ಕೇಳುತ್ತಿರಲಿಲ್ಲ. ಇಪ್ಪತ್ತು ಅಂಗುಲದ ಕಪ್ಪುಬಿಳುಪು ಟಿ.ವಿ.ಗೆ ನಾನು ಕೊಟ್ಟ ಮೂರು ಸಾವಿರ ಚಿಲ್ಲರೆ ರೂಪಾಯಿ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಾಗಿತ್ತು. ಅದನ್ನು ಇಟ್ಟುಕೊಳ್ಳಲು ಕೆಲವು ವರ್ಷಗಳ ಕಾಲ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕವನ್ನೂ ಕಟ್ಟಬೇಕಾಗಿದ್ದ ವಸ್ತು ಅದು. ಮೆಕ್ಯಾನಿಕ್ಕಿನ ಕೂಲಿ ಮೂವತ್ತೋ ನಲವತ್ತೋ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೇರಳ. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯ ಟ್ರಾನ್ಸಿಸ್ಟರುಗಳು ದೇಶದ ಯಾವ ಮೂಲೆಯ ಅಂಗಡಿಯಲ್ಲಿಯೂ ಸಿಗುತ್ತಿದ್ದವು. ವಸ್ತು ದುಬಾರಿ, ಮನುಷ್ಯನ ಶ್ರಮ ಅಗ್ಗ ಎಂದಾಗ ರಿಪೇರಿಯೊಂದೇ ದಾರಿ. ಇದನ್ನು ನಮ್ಮ ಹಿರಿಯರ ಮಿತವ್ಯಯದ ಗುಣವೆಂದು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಪೂರ್ತಿ ಒಪ್ಪಿಗೆಯಲ್ಲ. ಗುಣಕ್ಕಿಂತ ಹೆಚ್ಚಾಗಿ ಅದು ಲೆಕ್ಕಾಚಾರವಾಗಿತ್ತು.

ಆಗಲೂ ತೀರ್ಪು ಕಠಿಣವಾಗುತ್ತಿದ್ದುದು ಒಂದೇ ಸಂದರ್ಭದಲ್ಲಿ, ಚಿತ್ರನಳಿಕೆ ಮುಪ್ಪಾದಾಗ. ಸ್ವಿಚ್ಚು ಹಾಕಿ ಹತ್ತು ನಿಮಿಷ ಕಾದರೂ ಚಿತ್ರ ಮಂಕು. ಬೆಳಕು ಹೆಚ್ಚಿಸಿದರೆ ಮುಖಗಳು ಬೆಳ್ಳಿ ಬಳಿದಂತೆ ಹೊಳೆದು ಕಲಸಿಹೋಗುತ್ತವೆ. ಎಲೆಕ್ಟ್ರಾನುಗಳನ್ನು ಉಗುಳುವ ಲೇಪ ಸವೆದಿದೆ. ಹೊಸ ನಳಿಕೆಯ ಬೆಲೆ ಟಿ.ವಿ.ಯ ಬೆಲೆಯ ದೊಡ್ಡ ಪಾಲು. ಆಗ ಹೂಡುತ್ತಿದ್ದ ಉಪಾಯಗಳು ಹಲವು. ಸಾಮಾನ್ಯವಾಗಿ 6.3 ವೋಲ್ಟಿನಲ್ಲಿ ಕಾಯುವ ತಂತಿಗೆ ಸಣ್ಣದೊಂದು ಟ್ರಾನ್ಸ್‌ಫಾರ್ಮರಿನ ಮೂಲಕ ಒಂದೆರಡು ವೋಲ್ಟ್ ಹೆಚ್ಚು ಕೊಟ್ಟು ಇನ್ನಷ್ಟು ಕಾಯಿಸುವುದು ಒಂದು. ಅದಕ್ಕೂ ‘ಬೂಸ್ಟರ್’ ಎಂದೇ ಹೆಸರು. ಕೆಲವು ತಿಂಗಳು, ಅದೃಷ್ಟವಿದ್ದರೆ ವರ್ಷ, ಚಿತ್ರ ಮತ್ತೆ ಬೆಳಗುತ್ತಿತ್ತು. ಆಮೇಲೆ ನಳಿಕೆ ಶಾಶ್ವತವಾಗಿ ಆರುತ್ತಿತ್ತು. ಇನ್ನೊಂದು, ಪಟ್ಟಣಗಳಲ್ಲಿ ನಡೆಯುತ್ತಿದ್ದ ‘ರೀಗನ್ನಿಂಗ್’: ಗಾಜಿನ ಕುತ್ತಿಗೆಯನ್ನು ಕತ್ತರಿಸಿ, ಹೊಸ ಎಲೆಕ್ಟ್ರಾನ್ ಗನ್ ಕೂರಿಸಿ, ಮತ್ತೆ ಗಾಳಿ ತೆಗೆದು ಮುಚ್ಚುವುದು. ನನ್ನ ಶಿಷ್ಯ ಬೂಸ್ಟರ್ ಹಾಕುವ ಮುನ್ನ ಮನೆಯವರನ್ನು ಕೂರಿಸಿ ‘ಇದು ಆಯುಸ್ಸನ್ನು ಕೂಡಿಸೋದಲ್ಲ, ಇರೋದನ್ನು ಬೇಗ ಖರ್ಚು ಮಾಡೋದು’ ಎಂದು ತಿಳಿಸುತ್ತಿದ್ದ. ಹಾಗೆ ತಿಳಿಸದೆ ಹಾಕಿ ಹಣ ಪಡೆಯುವವರೂ ಇದ್ದರು.

ಲೆಕ್ಕಾಚಾರ ತಿರುಗಿದ್ದು 1990ರ ದಶಕದಲ್ಲಿ. ಕೇಬಲ್ ಬಂತು, 1994ರಲ್ಲಿ ಉದಯ ಟಿ.ವಿ. ಬಂತು, ಎಂಟು ಗುಂಡಿಗಳ ಹಳೆಯ ಟಿ.ವಿ.ಗೆ ಅಷ್ಟೊಂದು ಚಾನೆಲ್ಲುಗಳು ಹಿಡಿಸಲಿಲ್ಲ. ದೋಷ ಮತ್ತೆ ಹೊರಗಿನಿಂದ ಬಂದಿತ್ತು ನೋಡಿ: ಪೆಟ್ಟಿಗೆ ಹೇಗಿತ್ತೋ ಹಾಗೆಯೇ ಇತ್ತು, ಲೋಕ ಅದನ್ನು ಬಿಟ್ಟು ಮುಂದೆ ಹೋಯಿತು. ಅದೇ ದಶಕದ ನಡುವಿನಲ್ಲಿ ಅಕಾಯ್ ಹೆಸರಿನ ಟಿ.ವಿ.ಗಳನ್ನು ಮಾರುತ್ತಿದ್ದವರು ಹಳೆಯ ಟಿ.ವಿ. ಕೊಟ್ಟು ಹೊಸದನ್ನು ಒಯ್ಯುವ ವಿನಿಮಯ ಯೋಜನೆಯಿಂದ ಸದ್ದು ಮಾಡಿದರು. ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ನಮ್ಮ ಊರಿನ ಅಂಗಡಿಯಲ್ಲಿ ಹಳೆಯದು ನಡೆಯುತ್ತಿದ್ದರೂ ನಿಂತಿದ್ದರೂ ಒಂದೇ ಬೆಲೆ. ಅಂದರೆ, ರಿಪೇರಿ ಮಾಡಿಸಿದವನಿಗೆ ರಿಪೇರಿಯ ಹಣವೇ ನಷ್ಟ! ದುರಸ್ತಿಯ ಕಸುಬಿಗೆ ಬಿದ್ದ ಮೊದಲ ದೊಡ್ಡ ಪೆಟ್ಟು ತಂತ್ರಜ್ಞಾನದಿಂದ ಬಂದುದಲ್ಲ, ಇಂಥ ಬೆಲೆಪಟ್ಟಿಯಿಂದ ಬಂದುದು ಎಂದು ನನ್ನ ಅಭಿಪ್ರಾಯ. ವಿನಿಮಯದಲ್ಲಿ ಬಂದ ಟಿ.ವಿ.ಗಳನ್ನು ನನ್ನ ಶಿಷ್ಯ ಸಗಟಾಗಿ ಕೊಂಡು, ಮೂರು ಸತ್ತವುಗಳಿಂದ ಎರಡು ಬದುಕಿರುವುದನ್ನು ಮಾಡಿ, ಕೂಲಿಯವರ ಮನೆಗಳಿಗೆ ಕಂತಿನ ಮೇಲೆ ಕೊಟ್ಟ. ಎಷ್ಟೋ ಮನೆಗಳ ಮೊದಲ ಟಿ.ವಿ. ಹೀಗೆ ಬಂದುದು.

ಮುಂದಿನದು ಬೇಗ ಹೇಳಿಬಿಡಬಹುದು. ಕೇಬಲ್ ಪ್ರಸಾರವನ್ನು ಡಿಜಿಟಲ್ ಮಾಡುವ ಕಾನೂನಿನ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವು ಬಂತು. ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಟಿ.ವಿ. ಇಲ್ಲ ಎಂದಾಯಿತು. ಗೋಪುರಗಳಿಂದ ಬರುತ್ತಿದ್ದ ದೂರದರ್ಶನದ ಹಳೆಯ ಬಗೆಯ ಪ್ರಸಾರವನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದು, 2022ರ ಮಾರ್ಚ್ 31ರ ವೇಳೆಗೆ ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು ದೇಶದ ಉಳಿದೆಲ್ಲ ಗೋಪುರಗಳನ್ನೂ ಮೌನಗೊಳಿಸಿದರು. 1976ರ ಆಗಸ್ಟಿನಲ್ಲಿ ಸೈಟ್ ಹಳ್ಳಿಗಳಿಗೆ ಆದುದು ಈಗ ದೇಶಕ್ಕೇ ಆಯಿತು. ಅಡಿಕೆ ದಬ್ಬೆಯ ತುದಿಯ ಆಂಟೆನಾ ಎತ್ತ ತಿರುಗಿದರೂ ಹಿಡಿಯಲು ಏನೂ ಇಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮೂಲಮನೆಯ ಟಿ.ವಿ.ಯ ವಿಷಯಕ್ಕೆ ಬರುತ್ತೇನೆ; ಬಂಧುಗಳಲ್ಲಿ ಈ ಬಗ್ಗೆ ಎರಡು ಪಕ್ಷಗಳಾಗಿವೆ. 1987ರ ಜನವರಿಯಲ್ಲಿ, ರಾಮಾಯಣ ಧಾರಾವಾಹಿ ಶುರುವಾಗುವ ವಾರ, ನಮ್ಮ ಅಣ್ಣ ತಂದ ಕಪ್ಪುಬಿಳುಪು ಟಿ.ವಿ. ಅದು, ಎಳೆದು ಮುಚ್ಚುವ ಮರದ ಬಾಗಿಲು, ಅದಕ್ಕೊಂದು ಬೀಗ. ಹಲವು ವರ್ಷಗಳಿಂದ ಉಗ್ರಾಣದಲ್ಲಿತ್ತು. ಅಣ್ಣನ ಮಗ ಒಳಗಿನದನ್ನು ತೆಗೆದು ಮರದ ಪೆಟ್ಟಿಗೆಯನ್ನು ಪುಸ್ತಕದ ಕಪಾಟು ಮಾಡುವ ಆಲೋಚನೆಯಲ್ಲಿದ್ದ. ಎಂಬತ್ತು ದಾಟಿದ ನಮ್ಮ ಅತ್ತಿಗೆ ‘ಅದು ನಡೆಯಬೇಕು, ಇಲ್ಲವೆಂದರೆ ಹಾಗೆಯೇ ಇರಲಿ, ಹೊಟ್ಟೆ ಬಗೆಯುವುದು ಬೇಡ’ ಎಂದರು.

ನನ್ನ ಶಿಷ್ಯ ಬಂದ. ಹಳೆಯ ಟಿ.ವಿ.ಯನ್ನು ನೇರವಾಗಿ ವಿದ್ಯುತ್ತಿಗೆ ಕೊಡುವುದು ಅಪಾಯ. ನೂರು ವ್ಯಾಟಿನ ಒಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿ ಕೊಟ್ಟ. ಒಳಗೆಲ್ಲಾದರೂ ಶಾರ್ಟ್ ಆಗಿದ್ದರೆ ಟಿ.ವಿ.ಗೆ ಬದಲಾಗಿ ಬಲ್ಬು ಪೂರ್ತಿ ಉರಿಯುತ್ತದೆ. ಬಲ್ಬು ಒಮ್ಮೆ ಹೊಳೆದು ಮಂಕಾಯಿತು, ಒಳ್ಳೆಯ ಶಕುನ. ಚಿತ್ರನಳಿಕೆಯ ಕುತ್ತಿಗೆಯಲ್ಲಿ ಕಿಡಿ ಕಂಡಿತು. ಪರದೆಯ ಮೇಲೆ ಬೆಳಕು ಬಂದರೂ ಕೆಳಭಾಗ ಸೆರಗಿನಂತೆ ಮಡಿಚಿಕೊಂಡಿತ್ತು. ಐದಾರು ಕೆಪಾಸಿಟರುಗಳು, ಸವೆದ ಒಂದು ಗುಬ್ಬಿ, ಒಂದಷ್ಟು ಮರುಬೆಸುಗೆ. ಕೂಲಿಯೂ ಸೇರಿ ಆರುನೂರು ರೂಪಾಯಿಯೊಳಗೆ ಎಂದ. ನಳಿಕೆ ಗಟ್ಟಿಯಾಗಿತ್ತು. ಅತ್ತಿಗೆ ದಿನಕ್ಕೆ ಒಂದೇ ಗಂಟೆ ನೋಡಿ ಬೀಗ ಹಾಕುತ್ತಿದ್ದುದರ ಫಲ! ‘ಪೆಟ್ಟಿಗೆ ಸರಿಮಾಡಿಕೊಡ್ತೀನಿ ಸಾರ್. ಆದರೆ ಇದಕ್ಕೆ ಊಟ ಎಲ್ಲಿಂದ ತರ್ತೀರಿ?’ ಎಂದು ಕೇಳಿದ.

ದಾರಿಯಿತ್ತು. ದೂರದರ್ಶನದ ಉಚಿತ ಡಿಷ್ ಸೇವೆ 2004ರಿಂದ ಇದೆ. ತಿಂಗಳ ಶುಲ್ಕವಿಲ್ಲ, ಡಿಷ್ ಮತ್ತು ಬಾಕ್ಸ್ ಕೊಂಡರಾಯಿತು. ಈ ಟಿ.ವಿ.ಗೆ ಆಂಟೆನಾದ ತೂತಲ್ಲದೆ ಬೇರೆ ಪ್ರವೇಶವಿಲ್ಲವಾದ್ದರಿಂದ, ಹಳೆಯ ಆಂಟೆನಾ ತಂತಿಗೆ ಹೊಂದುವಂತೆ ಸಂಕೇತವನ್ನು ಮರಳಿ ಮಾರ್ಪಡಿಸುವ ಸಣ್ಣ ಡಬ್ಬಿಯೊಂದು ನಡುವೆ ಬೇಕಾಗಿತ್ತು. ಅವನ ಬಳಿಯೇ ಇತ್ತು. ಅಣ್ಣನ ಮಗನ ಆಕ್ಷೇಪಗಳು ಹುರುಳಿಲ್ಲದವಲ್ಲ. ಡಿಷ್, ಬಾಕ್ಸ್ ಎಲ್ಲ ಸೇರಿದರೆ ಮೂಗಿಗಿಂತ ಮೂಗುತಿ ಭಾರ. ಮೂವತ್ತೈದು ವರ್ಷ ದಾಟಿದ ಪೆಟ್ಟಿಗೆಯಲ್ಲಿ ಬೆಂಕಿಯ ಭಯವೂ ಉಂಟು. ಮುಂದಿನ ಸಲ ಕೆಟ್ಟರೆ ಬಿಚ್ಚಲು ಬಲ್ಲವನು ಸಿಗುವುದೂ ಖಚಿತವಿಲ್ಲ. ಆದರೂ ನಾನು ಅತ್ತಿಗೆಯ ಪಕ್ಷ ಹಿಡಿದೆ. ನಳಿಕೆ ಹೋಗಿದ್ದರೆ ಹಿಡಿಯುತ್ತಿರಲಿಲ್ಲ. ಯಾರಾದರೂ ಎದುರಿಗಿದ್ದಾಗ ಮಾತ್ರ ಹಾಕಬೇಕು, ಮುಗಿದ ಮೇಲೆ ಪ್ಲಗ್ಗನ್ನೇ ಕಿತ್ತಿಡಬೇಕು ಎಂಬ ಷರತ್ತಿನ ಮೇಲೆ ರಿಪೇರಿಯಾಯಿತು. ಈಗ ಅತ್ತಿಗೆ ಸಂಜೆ ಚಂದನ ವಾಹಿನಿ ನೋಡುತ್ತಾರೆ. ಬಣ್ಣವಿಲ್ಲದಿರುವುದು ಅವರಿಗೆ ಕೊರತೆಯೆನಿಸಿದಂತೆ ಕಾಣುವುದಿಲ್ಲ. ಮೊಮ್ಮಕ್ಕಳಿಗೆ ಅದೊಂದು ಅಚ್ಚರಿ.

ನಿಮ್ಮಲ್ಲಿ ಹೆಚ್ಚಿನವರ ಪ್ರಶ್ನೆ ಇರುವುದು ಹತ್ತು ಹನ್ನೆರಡು ವರ್ಷದ ಎಲ್.ಇ.ಡಿ. ಟಿ.ವಿ.ಗಳ ಬಗ್ಗೆ. ಅದಕ್ಕೂ ನಿದಾನಕ್ರಮ ಉಂಟು. ಶಬ್ದ ಬಂದು ಚಿತ್ರ ಬಾರದಿದ್ದರೆ, ಕೋಣೆಯನ್ನು ಕತ್ತಲು ಮಾಡಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಹಿಂದಿನ ಬೆಳಕು ಮಾತ್ರ ಹೋಗಿದೆ. ಸಣ್ಣ ದೀಪಗಳನ್ನು ಸಾಲಾಗಿ ಪೋಣಿಸಿದ ಪಟ್ಟಿಗಳವು. ಒಂದು ದೀಪ ತುಂಡಾದರೂ ಸಾಲೆಲ್ಲ ಆರಬಹುದು. ಇದು ಮಾಡಿಸತಕ್ಕ ರಿಪೇರಿ. ಸ್ವಿಚ್ಚು ಹಾಕಿದರೂ ಏನೂ ಆಗದಿದ್ದರೆ ಅನೇಕ ಸಲ ವಿದ್ಯುತ್ ಹಲಗೆಯ ಮೇಲೆ ಉಬ್ಬಿದ ಕೆಪಾಸಿಟರೇ ಕಾರಣ, ಅದೂ ಮಾಡಿಸತಕ್ಕದ್ದೇ. ಪರದೆ ಒಡೆದಿದ್ದರೆ ಬಿಟ್ಟುಬಿಡಿ. ಪ್ಯಾನೆಲ್ಲಿನ ಬೆಲೆ ಹೊಸ ಟಿ.ವಿ.ಯ ಬೆಲೆಯ ಹತ್ತಿರಕ್ಕೆ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಬಣ್ಣದ ಗೆರೆಗಳು ನಿಂತಿದ್ದರೆ ಬಹುಮಟ್ಟಿಗೆ ಅದೇ ಗತಿ. ಹೊರಗಿನ ದೋಷ ಇಲ್ಲಿಯೂ ತಪ್ಪಿದ್ದಲ್ಲ: 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಸ್ಮಾರ್ಟ್ ಟಿ.ವಿ.ಗಳಿಗೆ ತನ್ನ ಸೇವೆಯನ್ನು ನಿಲ್ಲಿಸಿತು. ಟಿ.ವಿ. ಚೆನ್ನಾಗಿಯೇ ಇರುತ್ತದೆ, ಅದರ ಒಳಗಿನ ತಂತ್ರಾಂಶವನ್ನು ಕೇಳುವವರಿರುವುದಿಲ್ಲ. ಅಂಥ ಟಿ.ವಿ.ಯನ್ನು ಬಿಸಾಡಬೇಡಿ, ಹೊರಗಿನಿಂದ ಸಿಕ್ಕಿಸುವ ಕಡ್ಡಿಯೊಂದು ಸಾಕು. 2022ರಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಎಂಬ ಹೆಸರಿನಲ್ಲಿ ಒಂದು ಸಮಿತಿಯನ್ನೂ ಅನಂತರ ಒಂದು ಜಾಲತಾಣವನ್ನೂ ಮಾಡಿತು. ನನ್ನ ಶಿಷ್ಯ ಅದನ್ನು ಕೇಳಿ ನಕ್ಕ. ಅವನಿಗೆ ಬೇಕಾಗಿರುವುದು ಸರ್ಕ್ಯೂಟಿನ ನಕ್ಷೆ. ಹಿಂದೆ ಅದು ಟಿ.ವಿ.ಯ ಜೊತೆಯಲ್ಲಿಯೇ ಬರುತ್ತಿತ್ತು. ಕೆಲವು ಪೆಟ್ಟಿಗೆಗಳ ಹಿಂಬದಿಯ ಮುಚ್ಚಳದ ಒಳಮೈಗೆ ಅಂಟಿಸಿರುತ್ತಿದ್ದರು.

ಬಿಡುವುದೆಂದು ತೀರ್ಮಾನವಾದರೆ, ಹಳೆಯ ದಪ್ಪ ಟಿ.ವಿ.ಯ ನಳಿಕೆಯನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ, ಗುಜರಿಯವನು ತಾಮ್ರಕ್ಕಾಗಿ ಅಂಗಳದಲ್ಲಿ ಒಡೆಯಲು ಬಿಡಬೇಡಿ. ಒಳಗೆ ನಿರ್ವಾತವಿದೆ, ಒಡೆದರೆ ಗಾಜು ಸಿಡಿಯುತ್ತದೆ; ಬಣ್ಣದ ನಳಿಕೆಯ ಹಿಂಬದಿಯ ಗಾಜಿನಲ್ಲಿ ಸೀಸ ಹೇರಳವಾಗಿದೆ. ಇ-ತ್ಯಾಜ್ಯದ ನಿಯಮಗಳು 2012ರಿಂದ ಜಾರಿಯಲ್ಲಿವೆ. ನೋಂದಾಯಿತ ಸಂಸ್ಥೆಗಳಿಗೇ ಕೊಡಿ.

ಒಂದು ಕೋರಿಕೆಯಿದೆ. ಕಲಬುರಗಿ, ವಿಜಯಪುರ, ರಾಯಚೂರುಗಳ ಕಡೆಯ ಬಂಧುಗಳೂ ಅಲ್ಲಿ ಕೆಲಸಕ್ಕಿರುವ ನನ್ನ ವಿದ್ಯಾರ್ಥಿಗಳೂ ಇದನ್ನು ಓದುತ್ತಿದ್ದರೆ, ಅಲ್ಲಿನ ಹಿರಿಯರನ್ನು ಕೇಳಿ: 1976ರ ಜುಲೈ ಕಳೆದ ಮೇಲೆ ಅವರ ಶಾಲೆಯ ಟಿ.ವಿ. ಪೆಟ್ಟಿಗೆಯನ್ನು ಎಲ್ಲಿಟ್ಟರು? ಆ ತಂತಿಬಲೆಯ ಕೊಡೆ ಏನಾಯಿತು? ನೆನಪಿರುವವರು ಇನ್ನೂ ಇರಬೇಕು. ತಿಳಿದಷ್ಟನ್ನು ನನಗೆ ಬರೆದು ಕಳುಹಿಸಿ.